ನಮ್ಮ ಬೈಕಿಗೆ ಸಾದಾ ಪೆಟ್ರೋಲೇ ಸಾಕು, ಆದರೆ ಅದರಲ್ಲಿ ಏನಿದೆ ಎಂದು ತಿಳಿಸಿ

ಪೆಟ್ರೋಲ್ ಬಂಕಿನಲ್ಲಿ ಮೊದಲು ಒಂದೇ ಪ್ರಶ್ನೆ ಇತ್ತು: ‘ಎಷ್ಟಕ್ಕೆ ಹಾಕ್ಲಿ?’ ಈಗ ತಾಲ್ಲೂಕು ಕೇಂದ್ರದ ಬಂಕುಗಳಲ್ಲಿ ಇನ್ನೊಂದು ಸೇರಿಕೊಂಡಿದೆ: ‘ನಾರ್ಮಲ್ಲಾ, ಪವರ್ರಾ?’ ಕೆಲವು ಕಡೆ ಆ ಪ್ರಶ್ನೆಯೂ ಇಲ್ಲ. ಸೀದಾ ದುಬಾರಿ ಪೆಟ್ರೋಲಿನ ಪೈಪನ್ನೇ ಟ್ಯಾಂಕಿಗೆ ಇಳಿಸುತ್ತಾರೆ. ನಾವು ಮುಖ ನೋಡಿದರೆ ‘ಇದು ಹಾಕ್ಸಿ ಅಣ್ಣಾ, ಮೈಲೇಜ್ ಬರುತ್ತೆ, ಪಿಕಪ್ ಚೆನ್ನಾಗಿರುತ್ತೆ’ ಅನ್ನುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ. ವಾದ ಮಾಡಲು ಯಾರಿಗೂ ಪುರುಸೊತ್ತಿಲ್ಲ. ದುಡ್ಡು ಕೊಟ್ಟು ಹೊರಡುತ್ತೇವೆ.

ಹಳ್ಳಿಯಲ್ಲಿ ಬೈಕ್ ಶೋಕಿಯ ಸಾಮಾನಲ್ಲ. ಡೇರಿಗೆ ಹಾಲಿನ ಕ್ಯಾನ್ ಹೋಗುವುದು ಅದರ ಮೇಲೆ, ಗೊಬ್ಬರದ ಚೀಲ ಬರುವುದು ಅದರ ಮೇಲೆ, ರಾತ್ರಿ ಹೊತ್ತು ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಅದರ ಮೇಲೆಯೇ. ಹಾಗಾಗಿ ಯಾವ ಪೆಟ್ರೋಲ್ ಹಾಕಿಸಬೇಕು ಅನ್ನುವುದು ನಮಗೆ ಸಣ್ಣ ವಿಷಯವಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮೂರುಗಳಲ್ಲಿ ಓಡುವ ಹೆಚ್ಚಿನ ಬೈಕುಗಳಿಗೆ ದುಬಾರಿ ಪೆಟ್ರೋಲ್ ಬೇಕಿಲ್ಲ, ಸಾದಾ ಪೆಟ್ರೋಲೇ ಸರಿ. ಆದರೆ ಆ ಸಾದಾ ಪೆಟ್ರೋಲೇ ಈಗ ಬದಲಾಗಿದೆ. ಅದನ್ನು ನಮಗೆ ನೆಟ್ಟಗೆ ಯಾರೂ ಹೇಳಿಲ್ಲ. ನಮ್ಮ ತಕರಾರು ಇರುವುದು ಅಲ್ಲಿ.

ಆಕ್ಟೇನ್ ಅಂದರೆ ಏನು?

ಬಂಕಿನ ಬೋರ್ಡಿನಲ್ಲಿ 95, 100 ಎಂಬ ಸಂಖ್ಯೆಗಳನ್ನು ನೋಡಿರುತ್ತೀರಿ. ಅದು ಆಕ್ಟೇನ್ ಸಂಖ್ಯೆ. ಸಂಖ್ಯೆ ಹೆಚ್ಚಾದರೆ ಪೆಟ್ರೋಲಿನ ಶಕ್ತಿ ಹೆಚ್ಚು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆಕ್ಟೇನ್ ಸಂಖ್ಯೆ ತೋರಿಸುವುದು ಪೆಟ್ರೋಲಿನ ತಾಳಿಕೆಯನ್ನು.

ಎಂಜಿನ್ನಿನ ಸಿಲಿಂಡರ್ ಒಳಗೆ ಪಿಸ್ಟನ್ ಮೇಲೇರುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಗಟ್ಟಿಯಾಗಿ ಒತ್ತುತ್ತದೆ. ಆಗ ಪ್ಲಗ್ ಕಿಡಿ ಕೊಡುತ್ತದೆ. ಬೆಂಕಿ ಆ ಕಿಡಿಯಿಂದ ಶುರುವಾಗಿ ಕ್ರಮವಾಗಿ ಹಬ್ಬಬೇಕು. ಬೆಂಕಿ ಹಬ್ಬಿ ಬರುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ಒತ್ತಡಕ್ಕೆ, ಬಿಸಿಗೆ ತಾನಾಗಿಯೇ ಸಿಡಿದರೆ ಎಂಜಿನ್ನಿಗೆ ಪೆಟ್ಟು ಬೀಳುತ್ತದೆ. ಏರು ಹತ್ತುವಾಗ, ಭಾರ ಹೇರಿದಾಗ ‘ಟಕ್ ಟಕ್’ ಎಂದು ಕೇಳುವ ಶಬ್ದ ಇದೇ ಆಗಿರಬಹುದು. ಮೆಕ್ಯಾನಿಕ್‌ಗಳು ಇದಕ್ಕೆ ನಾಕಿಂಗ್ ಅನ್ನುತ್ತಾರೆ. ಹಾಗೆ ಸಿಡಿಯದೆ ತಾಳಿಕೊಳ್ಳುವ ಗುಣವೇ ಆಕ್ಟೇನ್.

ಯಾವ ಎಂಜಿನ್ ಮಿಶ್ರಣವನ್ನು ಹೆಚ್ಚು ಒತ್ತುತ್ತದೋ ಅದಕ್ಕೆ ಹೆಚ್ಚು ಆಕ್ಟೇನ್ ಬೇಕು. ಈ ಒತ್ತುವಿಕೆಯನ್ನು ಕಂಪ್ರೆಷನ್ ರೇಷಿಯೋ ಎಂದು ಬರೆದಿರುತ್ತಾರೆ. ನಮ್ಮೂರ ಬೀದಿಗಳಲ್ಲಿ ಹೆಚ್ಚಾಗಿ ಕಾಣುವ 100 ಸಿಸಿಯ ಸ್ಪ್ಲೆಂಡರ್, ಎಚ್‌ಎಫ್ ಡೀಲಕ್ಸ್‌ಗಳದ್ದು ಸುಮಾರು 10ಕ್ಕೆ 1. ಗುಡುಗುಡು ಎನ್ನುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 9.5ಕ್ಕೆ 1. ಬೈಕ್ ದೊಡ್ಡದು, ಶಬ್ದ ದೊಡ್ಡದು, ಆದರೆ ಒತ್ತುವಿಕೆ ಸ್ಪ್ಲೆಂಡರಿಗಿಂತ ಹೆಚ್ಚೇನಿಲ್ಲ. ಕೆಟಿಎಂ 390 ತರಹದ ಬೈಕುಗಳಲ್ಲಿ ಮಾತ್ರ ಅದು 12 ದಾಟುತ್ತದೆ. ಹೆಚ್ಚು ಆಕ್ಟೇನ್ ಕೇಳುವುದು ಅಂಥ ಎಂಜಿನ್.

10ರ ಆಸುಪಾಸಿನ ಎಂಜಿನ್ನಿಗೆ 100 ಆಕ್ಟೇನ್ ಹಾಕಿದರೆ ಹಾಳೇನೂ ಆಗುವುದಿಲ್ಲ. ಲಾಭವೂ ಆಗುವುದಿಲ್ಲ. ಐದು ಕೆ.ಜಿ. ಹೊರುವ ಚೀಲ ಸಾಕಿರುವ ಕಡೆ ಐವತ್ತು ಕೆ.ಜಿ. ಹೊರುವ ಚೀಲ ಕೊಂಡ ಹಾಗೆ.

ಹೆಚ್ಚು ದುಡ್ಡಿಗೆ ಸಿಗುವುದೇನು?

ಲೆಕ್ಕ ಹಾಕೋಣ. ದಿನಕ್ಕೆ 40 ಕಿಲೋಮೀಟರ್ ಓಡುವ ಬೈಕು, ಲೀಟರಿಗೆ 60 ಮೈಲೇಜ್ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 20 ಲೀಟರ್ ಬೇಕು. ದುಬಾರಿ ಪೆಟ್ರೋಲಿಗೆ ಲೀಟರಿಗೆ 8 ರೂಪಾಯಿ ಹೆಚ್ಚು ಕೊಟ್ಟರೆ ತಿಂಗಳಿಗೆ 160, ವರ್ಷಕ್ಕೆ 1,920 ರೂಪಾಯಿ. ಈ ದುಡ್ಡಿನಲ್ಲಿ ಹೊತ್ತಿಗೆ ಸರಿಯಾಗಿ ಎಂಜಿನ್ ಆಯಿಲ್ ಬದಲಿಸಬಹುದು, ಹೊಸ ಏರ್ ಫಿಲ್ಟರ್ ಮತ್ತು ಪ್ಲಗ್ ಹಾಕಿಸಬಹುದು. ಇವು ಮೂರೂ ಮೈಲೇಜಿಗೆ ನಿಜವಾಗಿ ಕೆಲಸಕ್ಕೆ ಬರುವಂಥವು.

ದುಬಾರಿ ಪೆಟ್ರೋಲಿನಲ್ಲಿ ಎಂಜಿನ್ ಒಳಗಿನ ಕಿಟ್ಟ ತೊಳೆಯುವ ರಾಸಾಯನಿಕ ಸೇರಿಸಿರುತ್ತೇವೆ ಎಂದು ಕಂಪನಿಗಳು ಹೇಳುತ್ತವೆ. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಮಣ್ಣಿನ ರಸ್ತೆಯ ಧೂಳಿನಿಂದ ಏರ್ ಫಿಲ್ಟರ್ ಕಟ್ಟಿಕೊಂಡಿರುವಾಗ, ಚೇನ್ ಒಣಗಿ ಕಿರುಗುಡುತ್ತಿರುವಾಗ, ಟೈರಿನಲ್ಲಿ ಅರ್ಧ ಗಾಳಿ ಇರುವಾಗ ಟ್ಯಾಂಕಿಗೆ ಯಾವ ಪೆಟ್ರೋಲ್ ಸುರಿದರೂ ಮೈಲೇಜ್ ಬರುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ. ಮೊದಲು ಸಾದಾ ಪೆಟ್ರೋಲಿನ ಆಕ್ಟೇನ್ 91 ಇತ್ತು. ಶೇ 20ರಷ್ಟು ಎಥನಾಲ್ ಬೆರೆಸಿದ ಮೇಲೆ ಅದು 95ಕ್ಕೆ ಏರಿದೆ ಎಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಅಂದರೆ 95ರ ಆಕ್ಟೇನ್ ಬೇಕೆಂದು ಹೆಚ್ಚು ದುಡ್ಡು ಕೊಡುವವರಿಗೆ ಸಾದಾ ಪೈಪಿನಲ್ಲೇ ಅಷ್ಟು ಆಕ್ಟೇನ್ ಸಿಗುತ್ತಿದೆ. ಮತ್ತೆ, 95 ಎಂದು ಬರೆದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲ ಎಂದೂ ಭಾವಿಸಬೇಡಿ.

ಹಾಗಾದರೆ ನಿಯಮ ಸುಲಭ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇಷ್ಟೇ ಆಕ್ಟೇನ್ ಬೇಕು ಎಂದು ಬರೆದಿದ್ದರೆ ಅಷ್ಟನ್ನು ಹಾಕಿಸಿ. ಬರೆದಿಲ್ಲದಿದ್ದರೆ ಸಾದಾ ಹಾಕಿಸಿ. ಬಂಕಿಗೆ ಹೋದ ಕೂಡಲೇ ‘ಸಾದಾ’ ಎಂದು ಬಾಯಿಬಿಟ್ಟು ಹೇಳಿ. ಪೈಪ್ ಇಳಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ

ಆಕ್ಟೇನ್ ವಿಷಯ ಇಲ್ಲಿಗೆ ಮುಗಿಯಿತು. ನಮ್ಮ ಬೈಕಿನ ಆಯಸ್ಸಿಗೆ, ಜೇಬಿಗೆ ಸಂಬಂಧಪಟ್ಟ ಪ್ರಶ್ನೆ ಎಥನಾಲ್‌ನದ್ದು.

2022ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ 10ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಶೇ 20ರ ಪೆಟ್ರೋಲನ್ನು, ಅಂದರೆ ಇ20ಯನ್ನು, ಪ್ರಧಾನಿ 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. 2030ಕ್ಕೆ ಇದ್ದ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲೇ ಮುಗಿಸಿದರು. ಈಗ ಸಾದಾ ಪೆಟ್ರೋಲ್ ಅಂದರೆ ಇ20. ನೀವು ಬೇಕು ಅಂದದ್ದಲ್ಲ, ಬೇಡ ಅನ್ನುವ ಅವಕಾಶವೂ ಇಲ್ಲ.

ಎಥನಾಲ್‌ನಿಂದ ಒಳ್ಳೆಯದೂ ಇದೆ. ಹೊರದೇಶದಿಂದ ತರಿಸುವ ಕಚ್ಚಾ ತೈಲ ಸ್ವಲ್ಪ ಕಡಿಮೆಯಾಗುತ್ತದೆ. ಆಕ್ಟೇನ್ ಏರುತ್ತದೆ. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಮೈಲೇಜ್ ಇಳಿಯುತ್ತದೆ. ಎಷ್ಟು ಇಳಿಯುತ್ತದೆ? ಹಳೆಯ ಮಾದರಿಯಲ್ಲಿ ರೂಪಿಸಿ ಶೇ 10ರ ಎಥನಾಲ್‌ಗೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಎಂದು ನೀತಿ ಆಯೋಗದ 2021ರ ವರದಿ ಹೇಳುತ್ತದೆ. 60 ಕೊಡುತ್ತಿದ್ದ ಗಾಡಿ 58 ಕೊಡುತ್ತದೆ. ಮೊದಲು ಹೇಳಿದ ಅದೇ ಬೈಕಿನ ಲೆಕ್ಕ ಹಿಡಿದರೆ, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದುಕೊಂಡರೆ, ವರ್ಷಕ್ಕೆ ಸುಮಾರು 850 ರೂಪಾಯಿ ಹೆಚ್ಚು ಖರ್ಚು.

‘ಗಾಡಿ ಅರ್ಧಕ್ಕರ್ಧ ಮೈಲೇಜ್ ಕಳಕೊಂಡಿದೆ, ಎಲ್ಲ ಎಥನಾಲ್‌ನಿಂದ’ ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ನಾವು ಒಪ್ಪುವುದಿಲ್ಲ. ಅಷ್ಟು ಇಳಿದಿದ್ದರೆ ಬೇರೆ ರೋಗ ಇದೆ, ಮೆಕ್ಯಾನಿಕ್ ಹತ್ತಿರ ತೋರಿಸಿ. ಆದರೆ ‘ಏನೂ ಆಗುವುದಿಲ್ಲ’ ಅನ್ನುವುದೂ ಸರಿಯಲ್ಲ. ದಿನಗೂಲಿ ಮಾಡುವವರಿಗೆ 850 ರೂಪಾಯಿ ಏನೂ ಅಲ್ಲ ಅನ್ನುವ ಮೊತ್ತವಲ್ಲ.

ಎರಡನೆಯದು, ರಬ್ಬರ್. ಎಥನಾಲ್ ಹಳೆಯ ಕಾಲದ ರಬ್ಬರ್ ಪೈಪು, ವಾಷರ್, ಸೀಲುಗಳನ್ನು ಉಬ್ಬಿಸುತ್ತದೆ, ಒಣಗಿಸಿ ಬಿರುಕು ಬಿಡಿಸುತ್ತದೆ. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಇ20 ತಡೆಯುವ ಭಾಗಗಳಿರುತ್ತವೆ. ಅದಕ್ಕಿಂತ ಹಿಂದಿನವುಗಳ ಕಥೆ? ಕೆಲವು ಹಳೆಯ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ, ಸರ್ವೀಸಿನಲ್ಲೇ ಆಗುತ್ತದೆ ಎಂದು ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಿಳಿಸಿತು.

ಒಳ್ಳೆಯ ಸಲಹೆ. ಆದರೆ ಅದು ತಲುಪಿದ್ದು ಯಾರಿಗೆ? ನಮ್ಮ ಹಳ್ಳಿಗಳಲ್ಲಿ ಓಡುವುದು ಹೆಚ್ಚಾಗಿ ಹಳೆಯ ಗಾಡಿಗಳೇ. ಪೇಟೆಯವರು ಮಾರಿದ್ದನ್ನು ನಾವು ಸೆಕೆಂಡ್‌ಹ್ಯಾಂಡ್ ಕೊಂಡಿದ್ದೇವೆ. ಅದರ ಪುಸ್ತಕ ಮೊದಲ ಮಾಲೀಕನ ಮನೆಯಲ್ಲೇ ಉಳಿದಿದೆ. ಕಂಪನಿ ಸರ್ವೀಸ್ ಸೆಂಟರ್ ನೋಡದೆ ವರ್ಷಗಳಾಗಿವೆ. ರಬ್ಬರ್ ಪೈಪ್ ಸೀಳಿ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಸೋರಿದಾಗಲೇ ಗೊತ್ತಾಗುವುದು. ಆಗ ಅದು ಬರೀ ಖರ್ಚಿನ ಮಾತಲ್ಲ, ಜೀವದ ಮಾತು.

ಮೂರನೆಯದು, ನೀರು. ಪೆಟ್ರೋಲ್ ಮತ್ತು ನೀರು ಬೆರೆಯುವುದಿಲ್ಲ, ಆದರೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಎಳೆದುಕೊಂಡು ಸುಮ್ಮನಿರುತ್ತದೆ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಎಂಜಿನ್ನಿಗೆ ಹೋಗುವುದು ತಳದಿಂದಲೇ. ಗಾಡಿ ಸ್ಟಾರ್ಟ್ ಆಗಿ ಆಗಿ ನಿಲ್ಲುತ್ತದೆ, ಕಿಕ್ ಹೊಡೆದು ಕಾಲು ಸೋಲುತ್ತದೆ. ಮಲೆನಾಡು, ಕರಾವಳಿಯ ಮಳೆಯಲ್ಲಿ ಹೊರಗೆ ನಿಲ್ಲುವ ಗಾಡಿಗಳಿಗೆ ಈ ತೊಂದರೆ ಹೆಚ್ಚು.

ಕಬ್ಬೂ ನಮ್ಮದೇ, ಟ್ಯಾಂಕೂ ನಮ್ಮದೇ

ಎಥನಾಲ್ ರೈತನಿಗೆ ಒಳ್ಳೆಯದು, ಹಳ್ಳಿಯವರೇ ಅದನ್ನು ವಿರೋಧಿಸಬಾರದು ಎಂದು ಹೇಳುವವರಿದ್ದಾರೆ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಎಥನಾಲ್ ಬರುವುದು ಕಬ್ಬಿನಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು, ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ನಮ್ಮವರೇ ಬೆಳೆದದ್ದು. ಕಾರ್ಖಾನೆಗೆ ಸಕ್ಕರೆಯ ಜೊತೆ ಇನ್ನೊಂದು ಆದಾಯ ಬಂದರೆ ರೈತನ ಬಾಕಿ ಬೇಗ ತೀರಬೇಕು.

ಆದರೆ 2025ರ ನವೆಂಬರಿನಲ್ಲಿ ಏನಾಯಿತು? ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಕೊನೆಗೆ ಮುಖ್ಯಮಂತ್ರಿ ಸಭೆ ಕರೆದು 3,300ಕ್ಕೆ ಒಪ್ಪಿಸಬೇಕಾಯಿತು. ಅದೇ ಹೊತ್ತಿಗೆ ಮೆಕ್ಕೆಜೋಳದವರೂ ಬೆಲೆ ಕುಸಿಯಿತೆಂದು ಬೀದಿಗಿಳಿದಿದ್ದರು. ಎಥನಾಲ್ ಯುಗದಲ್ಲೂ ಬೆಳೆದವರು ಬೆಲೆಗಾಗಿ ರಸ್ತೆಯಲ್ಲಿ ಕೂರಬೇಕಾಗಿದೆ ಎಂದಾದರೆ, ‘ರೈತನಿಗಾಗಿ ಮೈಲೇಜ್ ಬಿಟ್ಟುಕೊಡಿ’ ಎಂದು ಅದೇ ರೈತನಿಗೆ ಹೇಳುವುದು ಯಾವ ನ್ಯಾಯ?

ಬೆಲೆಯ ಮಾತೂ ಹಾಗೆಯೇ. ಇ20ಯಲ್ಲಿ ಶಕ್ತಿ ಕಡಿಮೆ ಇರುವುದರಿಂದ ಅದನ್ನು ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಬೆಲೆಗೆ ಮಾರಬೇಕು ಎಂದು ನೀತಿ ಆಯೋಗದ ಅದೇ ವರದಿ ಸಲಹೆ ಕೊಟ್ಟಿತ್ತು. ಬೆಲೆ ಇಳಿಯಲಿಲ್ಲ. ಎಥನಾಲ್ ಕೊಳ್ಳುವ ದರವೇ ಪೆಟ್ರೋಲಿಗಿಂತ ಮೇಲೆ ಹೋಗಿದೆ, ಹೇಗೆ ಇಳಿಸುವುದು ಎಂಬುದು ಸರ್ಕಾರದ ಉತ್ತರ. ಇರಬಹುದು. ಆದರೆ ಆ ಹೊರೆಯನ್ನು ಸರ್ಕಾರ, ತೈಲ ಕಂಪನಿ, ಕಾರ್ಖಾನೆ, ಬೈಕಿನವನು ಹಂಚಿಕೊಳ್ಳಬೇಕಿತ್ತು. ಈಗ ಬೈಕಿನವನು ಸದ್ದಿಲ್ಲದೆ ಹೊರುತ್ತಿದ್ದಾನೆ, ತಾನು ಹೊರುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಿಲ್ಲ.

ಎಥನಾಲ್ ಬೇಡ ಅನ್ನುವವರಿಗೆ ಒಂದು ದಾರಿ ಇದೆ ಅನ್ನುತ್ತಾರೆ: 100 ಆಕ್ಟೇನ್ ಪೆಟ್ರೋಲ್. ಅದು ದೊಡ್ಡ ನಗರಗಳ ಕೆಲವು ಬಂಕುಗಳಲ್ಲಿ ಸಿಗುತ್ತದೆ, ಬೆಲೆ ಸಾದಾ ಪೆಟ್ರೋಲಿಗಿಂತ ಬಹಳ ಮೇಲೆ. ಹತ್ತು ವರ್ಷದ ಸ್ಪ್ಲೆಂಡರ್ ಇಟ್ಟುಕೊಂಡವರಿಗೆ ಅದನ್ನು ತೋರಿಸುವುದು ಅಣಕಿಸಿದ ಹಾಗೆ.

ಸದ್ಯಕ್ಕೆ ಮಾಡಬಹುದಾದದ್ದು

ನಿಮ್ಮ ಗಾಡಿ 2023ರ ಏಪ್ರಿಲ್‌ಗಿಂತ ಹಳೆಯದಾಗಿದ್ದರೆ ಮುಂದಿನ ಸಲ ಮೆಕ್ಯಾನಿಕ್ ಹತ್ತಿರ ಹೋದಾಗ ಟ್ಯಾಂಕಿನಿಂದ ಇಳಿಯುವ ಪೆಟ್ರೋಲ್ ಪೈಪ್ ನೋಡಲು ಹೇಳಿ. ಬೆರಳಿನಿಂದ ಮಡಚಿದಾಗ ಬಿರುಕು ಕಂಡರೆ, ಗಟ್ಟಿಯಾಗಿದ್ದರೆ ಅಥವಾ ಮೆತ್ತಗಾಗಿ ಉಬ್ಬಿದ್ದರೆ ಬದಲಿಸಿ. ಒಳ್ಳೆಯ ಪೈಪೇ ಹಾಕಿಸಿ, ನೀರಿನ ಪೈಪಿನ ತುಂಡು ಸಿಕ್ಕಿಸಲು ಬಿಡಬೇಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ನಾಳೆಗೆ ಮುಂದೂಡಬೇಡಿ.

ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವವರು ಗಾಡಿಯನ್ನು ತಿಂಗಳುಗಟ್ಟಲೆ ಊರಲ್ಲೇ ಬಿಡುತ್ತಾರೆ. ಅರ್ಧ ಟ್ಯಾಂಕಿನಲ್ಲಿ ಬಿಡಬೇಡಿ, ಖಾಲಿ ಜಾಗದ ಗಾಳಿಯ ತೇವವೇ ನೀರಾಗಿ ಇಳಿಯುತ್ತದೆ. ಮಳೆ ಬೀಳದ ಕಡೆ ನಿಲ್ಲಿಸಿ. ಟ್ಯಾಂಕಿನ ಮುಚ್ಚಳದ ಸುತ್ತ ನೀರು ಹೊರಗೆ ಹೋಗಲು ಸಣ್ಣ ತೂತು ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿದ್ದರೆ ಬಿಡಿಸಿ.

ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲ್ ಕಷ್ಟಕಾಲಕ್ಕೆ ಆಗುತ್ತದೆ ಎಂಬುದು ನಮಗೂ ಗೊತ್ತು. ಆದರೆ ಪರವಾನಗಿ ಇಲ್ಲದೆ ಹಾಗೆ ಮಾರುವುದು ಕಾನೂನಿಗೆ ವಿರುದ್ಧ, ಬೆಂಕಿಯ ಭಯ ಬೇರೆ. ಆ ಬಾಟಲಿಯಲ್ಲಿ ಏನು ಬೆರೆತಿದೆ, ಎಷ್ಟು ದಿನದ್ದು ಎಂದು ಕೇಳಲು ಯಾರೂ ಸಿಗುವುದಿಲ್ಲ. ಬಂಕಿನಲ್ಲಾದರೆ ನಿಮಗೆ ಕೇಳುವ ಹಕ್ಕಿದೆ.

ಆ ಹಕ್ಕುಗಳನ್ನು ನೆನಪಿಡಿ. ಅಳತೆಯ ಮೇಲೆ ಅನುಮಾನ ಬಂದರೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಬಹುದು. 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆ ಬಂದರೆ ಅದು ತಪ್ಪು. ಕಲಬೆರಕೆಯ ಅನುಮಾನ ಇದ್ದರೆ ಫಿಲ್ಟರ್ ಪೇಪರ್ ಕೇಳಿ. ಒಂದು ಹನಿ ಬಿಟ್ಟರೆ ಆರಿಹೋಗಬೇಕು, ಎಣ್ಣೆಯ ಕಲೆ ಉಳಿಯಬಾರದು. ಸಾಂದ್ರತೆ, ಅಂದರೆ ಡೆನ್ಸಿಟಿ, ಅಳೆದು ತೋರಿಸಿ ಎಂದೂ ಕೇಳಬಹುದು. ಆ ದಿನ ಬರೆದಿಟ್ಟ ಅಂಕಿಗೂ ಈಗಿನದಕ್ಕೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅನುಮಾನಕ್ಕೆ ಕಾರಣವಿದೆ. ಇದಕ್ಕೆಲ್ಲ ದುಡ್ಡು ಕೊಡಬೇಕಿಲ್ಲ. ಒಪ್ಪದಿದ್ದರೆ ದೂರು ಪುಸ್ತಕ ಕೇಳಿ, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ ಇಟ್ಟುಕೊಳ್ಳಿ, ಬಿಲ್ ಇಲ್ಲದ ದೂರು ನಿಲ್ಲುವುದು ಕಷ್ಟ.

ಪೈಪ್ ಹಿಡಿದಿರುವ ಹುಡುಗನ ಮೇಲೆ ರೇಗಬೇಡಿ. ದುಬಾರಿ ಪೆಟ್ರೋಲ್ ಇಷ್ಟು ಮಾರಲೇಬೇಕು ಎಂದು ಅವನಿಗೆ ಮೇಲಿನಿಂದ ಒತ್ತಡ ಇರಬಹುದು. ಅವನೂ ನಮ್ಮಂಥ ಊರಿನವನೇ.

ನಾವು ಕೇಳುವುದು ಇಷ್ಟು

ಎಥನಾಲ್ ಇಲ್ಲದ ಪೆಟ್ರೋಲ್ ಸಿಗಬೇಕು, ಬಂಕಿನಲ್ಲಿ ಎಥನಾಲ್ ಪ್ರಮಾಣ ಬರೆದಿರಬೇಕು ಎಂದು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಲ್ಲಿಗೆ ಕೇಳುವುದನ್ನೇ ನಿಲ್ಲಿಸಬೇಕಿಲ್ಲ. ಕೋರ್ಟು ಹೇಳದಿದ್ದರೂ ಸರ್ಕಾರ, ಕಂಪನಿಗಳು ತಾವಾಗಿ ಮಾಡಬಹುದಾದ ಕೆಲಸಗಳಿವೆ.

ಒಂದು, ಪ್ರತಿ ಪಂಪಿನ ಮೇಲೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ‘ಇದರಲ್ಲಿ ಶೇ 20ರಷ್ಟು ಎಥನಾಲ್ ಇದೆ’ ಎಂದು ಬರೆಯಿರಿ. ಅದಕ್ಕೆ ಬೇಕಾಗುವುದು ಒಂದು ಸ್ಟಿಕರ್. ನಾವು ಓಡಾಡುವ ಕಡೆಯ ಬಂಕುಗಳಲ್ಲಿ ದುಬಾರಿ ಪೆಟ್ರೋಲಿನ ಜಾಹೀರಾತಿಗೆ ಆಳೆತ್ತರದ ಬೋರ್ಡು ಇರುತ್ತದೆ. ಈ ಒಂದು ಸಾಲಿಗೆ ಜಾಗ ಸಿಕ್ಕಿಲ್ಲ.

ಎರಡು, ಹಳೆಯ ಗಾಡಿಗಳಿಗಾಗಿ ತಾಲ್ಲೂಕಿಗೆ ಒಂದಾದರೂ ಬಂಕಿನಲ್ಲಿ ಶೇ 10ರ ಪೆಟ್ರೋಲ್ ಸಾದಾ ಬೆಲೆಯಲ್ಲೇ ಸಿಗಲಿ. ಹಳೆಯ ಗಾಡಿ ಇಟ್ಟುಕೊಂಡಿರುವುದು ಬಡತನದಿಂದ, ಹಟದಿಂದಲ್ಲ.

ಮೂರು, ರಬ್ಬರ್ ಭಾಗ ಬದಲಿಸಬೇಕಾಗಬಹುದು ಎಂದು ದೆಹಲಿಯಲ್ಲಿ ಹೇಳಿದ ಮಾತು ಗ್ರಾಮ ಪಂಚಾಯಿತಿಯ ಗೋಡೆಗೂ ಬರಲಿ. ಊರಿನ ಮೆಕ್ಯಾನಿಕ್‌ಗಳಿಗೆ ಒಂದು ದಿನದ ತರಬೇತಿ ಕೊಡಿ. ಹಳ್ಳಿಯ ಗಾಡಿಗಳನ್ನು ನಿಜವಾಗಿ ಕಾಯುವವರು ಅವರೇ.

ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು, ರಂಜಕ ಎಷ್ಟು ಎಂದು ಬರೆದಿರುತ್ತದೆ. ಬೀಜದ ಪ್ಯಾಕೆಟ್ ಮೇಲೆ ಮೊಳಕೆಯ ಪ್ರಮಾಣ ಬರೆದಿರುತ್ತದೆ. ಓದಿ, ಬೇಕೋ ಬೇಡವೋ ತೀರ್ಮಾನಿಸಿ ಕೊಳ್ಳುತ್ತೇವೆ. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲನ್ನೂ ಹಾಗೆಯೇ ತಿಳಿದು ಕೊಳ್ಳುವ ಹಕ್ಕು ನಮಗೆ ಬೇಕು. ಅಲ್ಲಿಯವರೆಗೆ ಬಂಕಿನಲ್ಲಿ ‘ಸಾದಾ’ ಎನ್ನಿ, ಮೀಟರ್ ಸೊನ್ನೆಯಲ್ಲಿದೆಯೇ ನೋಡಿ, ಆಮೇಲೆ ಒಂದು ಮಾತು ಕೇಳಿ: ‘ಇದರಲ್ಲಿ ಎಥನಾಲ್ ಎಷ್ಟಿದೆ?’ ದಿನಕ್ಕೆ ಹತ್ತು ಜನ ಹೀಗೆ ಕೇಳಿದರೆ ಬಂಕಿನವರು ಕಂಪನಿಯನ್ನು ಕೇಳುತ್ತಾರೆ. ಸ್ಟಿಕರ್ ಬರುವುದು ಹಾಗೆಯೇ.